ಹೊಳೆ ದಂಡೆ, ಕೆರೆ ಅಂಗಳ: ಕ್ಯಾಂಪಿಗೆ ಜಾಗ ನೋಡುವವರ ಲೆಕ್ಕಾಚಾರ

ಶಾಲೆ ಮಕ್ಕಳಿಗೆ, ಕಂಪನಿ ತಂಡಗಳಿಗೆ ಹಳ್ಳಿಗಾಡಿನಲ್ಲಿ ಒಂದೆರಡು ರಾತ್ರಿಯ ಟೆಂಟ್ ಕ್ಯಾಂಪ್ ಮಾಡಿಕೊಡುವುದು ನಮ್ಮ ಕೆಲಸ. ಗಿರಾಕಿ ಕೇಳುವುದು ಒಂದೇ: ನೀರು ಕಾಣಬೇಕು. ಜಾಗ ನೋಡಲು ಹೋದವರು ಕೇಳಬೇಕಾದ ಮೊದಲ ಪ್ರಶ್ನೆ ಮಾತ್ರ ಬೇರೆ: ಈ ನೀರಿನ ಗೇಟು ಯಾರ ಕೈಯಲ್ಲಿದೆ? ಅಘನಾಶಿನಿಯಂಥ ಒಂದೆರಡನ್ನು ಬಿಟ್ಟರೆ ಕರ್ನಾಟಕದ ದೊಡ್ಡ ಹೊಳೆಗಳೆಲ್ಲ ಎಲ್ಲೋ ಒಂದು ಕಡೆ ಅಣೆಕಟ್ಟಿಗೆ ಕಟ್ಟುಬಿದ್ದಿವೆ. ನಾವು ಕೂತ ಜಾಗದಲ್ಲಿ ಮಳೆ ಬರದಿದ್ದರೂ ಹೊಳೆ ಏರಬಹುದು.

ಕಾಳಿ ನದಿಯನ್ನೇ ನೋಡಿ. ಗಣೇಶಗುಡಿಯ ಸುತ್ತ ಹೊಳೆಯ ಮಟ್ಟ ನಿಂತಿರುವುದು ಸೂಪಾ ಅಣೆಕಟ್ಟಿನಲ್ಲಿ ವಿದ್ಯುತ್ ಎಷ್ಟು ಉತ್ಪಾದಿಸುತ್ತಾರೆ ಎಂಬುದರ ಮೇಲೆ. ಏಪ್ರಿಲ್ ತಿಂಗಳ ನಡುಹಗಲು, ಆಕಾಶದಲ್ಲಿ ಚೂರು ಮೋಡವಿಲ್ಲ, ಹೊಳೆ ನಡುವಿನ ಬಂಡೆಗಳು ಒಣಗಿ ಕೂತಿವೆ; ಯಂತ್ರ ಶುರುವಾಯಿತೆಂದರೆ ಅದೇ ಬಂಡೆಗಳು ನೀರಿನಡಿ ಹೋಗುತ್ತವೆ. ಅಲ್ಲಿ ರಾಫ್ಟಿಂಗ್ ನಡೆಯುವುದೇ ಈ ನೀರಿನಿಂದ. ಹಾಗಾಗಿ ನೀರು ಬಿಡುವ ಹೊತ್ತು ರಾಫ್ಟಿಂಗ್ ಹುಡುಗರಿಗೆ ಗೊತ್ತಿರುತ್ತದೆ. ಅವರನ್ನು ವಿಚಾರಿಸದೆ ಆ ದಂಡೆಯಲ್ಲಿ ಒಂದು ಗೂಟವನ್ನೂ ಹೊಡೆಯಬಾರದು. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ, ಲಾರ್ಜಿ ಜಲವಿದ್ಯುತ್ ಯೋಜನೆಯಿಂದ ಬಿಟ್ಟ ನೀರಿಗೆ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದದ್ದು ಬಂಡೆಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವಾಗ.

ಕಾವೇರಿಯ ಲೆಕ್ಕ ಇನ್ನೂ ತೊಡಕಿನದು. ಭೀಮೇಶ್ವರಿ, ಮುತ್ತತ್ತಿ ಕಡೆ ಹೋಗುವವರು ಕೆಆರ್‌ಎಸ್ ಒಂದನ್ನೇ ನೋಡಿದರೆ ಸಾಲದು. ಕಬಿನಿ ತಿ. ನರಸೀಪುರದಲ್ಲಿ ಬಂದು ಸೇರುತ್ತದೆ, ಅದು ತುಂಬುವುದು ವಯನಾಡಿನ ಮಳೆಗೆ. ಕೆಳಗೆ ಶಿಂಷಾ ಬೇರೆ ಸೇರುತ್ತದೆ. ಪತ್ರಿಕೆಗಳಲ್ಲಿ ದಿನವೂ ಬರುವ ಜಲಾಶಯದ ಮಟ್ಟದ ಪಟ್ಟಿಯನ್ನು ಹೊರಡುವ ವಾರವಿಡೀ ಗಮನಿಸಿ. ಹೊರಹರಿವು ಎಷ್ಟು ಕ್ಯೂಸೆಕ್ ಎಂಬುದರ ಮೇಲೆಯೇ ಎಲ್ಲರ ಕಣ್ಣು. ಅದಕ್ಕಿಂತ ಮುಖ್ಯವಾದದ್ದು ಜಲಾಶಯ ತುಂಬಲು ಎಷ್ಟು ಬಾಕಿ ಇದೆ ಎಂಬುದು. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಕಬಿನಿಯದು ಸಮುದ್ರಮಟ್ಟದಿಂದ 2,284 ಅಡಿ. ಮಟ್ಟ ಅಲ್ಲಿಗೆ ಮುಟ್ಟಲು ಒಂದೆರಡು ಅಡಿಯಷ್ಟೇ ಬಾಕಿ ಇದೆ ಎಂದಾದರೆ ಒಳಹರಿವಾಗಿ ಬಂದದ್ದೆಲ್ಲ ನೇರ ಕೆಳಗೆ ಹೋಗುತ್ತದೆ, ತಡೆದು ನಿಲ್ಲಿಸಲು ಜಾಗವೇ ಇರುವುದಿಲ್ಲ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹತ್ತು ಸಾವಿರ ಕ್ಯೂಸೆಕ್ ಎಂದರೆ ಸೆಕೆಂಡಿಗೆ 2.8 ಲಕ್ಷ ಲೀಟರ್. ಅಗಲ ಹರವಿನಲ್ಲಿ ಇಷ್ಟು ನೀರು ಗೊತ್ತೇ ಆಗದಂತೆ ಹೋದೀತು, ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಆಳೆತ್ತರ ಏರೀತು. ಜಲಾಶಯ ತುಂಬುವ ಹಂತದಲ್ಲಿದ್ದರೆ ಕೆಳಗಿನ ದಂಡೆಯ ಕ್ಯಾಂಪನ್ನು ನಾವು ಮುಂದೂಡುತ್ತೇವೆ, ಗಿರಾಕಿ ಎಷ್ಟೇ ಗೊಣಗಲಿ.

ಸ್ಥಳಕ್ಕೆ ಹೋದ ಮೇಲೆ ನೀರನ್ನು ಬಿಟ್ಟು ಮರ ನೋಡಬೇಕು. ದಂಡೆಯ ಹೊಳೆಮತ್ತಿ, ಹೊಂಗೆ, ನೇರಳೆ ಮರಗಳ ಕೊಂಬೆಯಲ್ಲಿ ಒಣಹುಲ್ಲು, ಪ್ಲಾಸ್ಟಿಕ್ ಚೀಲ, ಹರಿದ ಬಟ್ಟೆ ಸಿಕ್ಕಿಕೊಂಡಿದೆಯೇ? ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ಎತ್ತರ ತಗ್ಗಿಲ್ಲದೆ ಎಲ್ಲೆಂದರಲ್ಲಿ ಇರುತ್ತದೆ. ನೆರೆ ತಂದ ಕಸ ಮಾತ್ರ ಅಕ್ಕಪಕ್ಕದ ಮರಗಳಲ್ಲೆಲ್ಲ ಒಂದೇ ಎತ್ತರಕ್ಕೆ ನಿಂತಿರುತ್ತದೆ, ಹೊಳೆ ಬರುವ ದಿಕ್ಕಿಗೆ ಕಾಂಡವನ್ನು ತಬ್ಬಿಕೊಂಡಿರುತ್ತದೆ. ಕಾಂಡದ ಮೇಲೆ ಒಣಗಿದ ಕೆಸರಿನ ಗೆರೆ ಇದ್ದರೆ ಅದೂ ಸಾಕ್ಷಿ. ಆ ಗೆರೆಗಿಂತ ಕನಿಷ್ಠ ಐದಾರು ಅಡಿ ಮೇಲೆ ಸಮತಟ್ಟು ನೆಲ ಸಿಕ್ಕಿದರೆ ಮಾತ್ರ ಆ ಜಾಗವನ್ನು ಪಟ್ಟಿಗೆ ಸೇರಿಸಿ. ನಡುಗಡ್ಡೆ, ಮರಳ ದಿಬ್ಬ, ಹೊಳೆ ತಿರುವಿನ ಒಳಮಗ್ಗುಲಿನ ತಗ್ಗು ಮರಳು ಫೋಟೊದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತವೆ. ಮೂರನ್ನೂ ಕೈಬಿಡಿ.

ಎತ್ತರ ಅಳೆಯಲು ಫೋನನ್ನು ನಂಬಬೇಡಿ. ಅದು ತೋರಿಸುವ ಎತ್ತರದಲ್ಲಿ ಹತ್ತಾರು ಅಡಿ ಹೆಚ್ಚುಕಡಿಮೆ ಸಾಮಾನ್ಯ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು 40 ಅಡಿ ತೆಗೆದುಕೊಂಡರೆ ಕೆಲಸ ಮುಗಿಯಿತು. ಪೈಪಿಗೆ ಗುಳ್ಳೆ ನಿಲ್ಲದಂತೆ ನೀರು ತುಂಬಿ. ಒಬ್ಬರು ನೀರಂಚಿನಲ್ಲಿ ಅಡಿ ಗುರುತು ಹಾಕಿದ ಕೋಲಿಗೆ ಪೈಪಿನ ಒಂದು ತುದಿ ಹಿಡಿದು ನಿಲ್ಲಲಿ, ಇನ್ನೊಬ್ಬರು ಅಂಥದೇ ಕೋಲಿನೊಂದಿಗೆ ಪೈಪು ಎಟಕುವಷ್ಟು ಮೇಲೆ ಹೋಗಲಿ. ಎರಡೂ ತುದಿಯ ನೀರು ನಿಂತ ಮೇಲೆ ಕೋಲುಗಳ ಓದಿನ ವ್ಯತ್ಯಾಸವೇ ಆ ಎರಡು ಜಾಗಗಳ ಎತ್ತರದ ವ್ಯತ್ಯಾಸ. ಕೆಳಗಿನವರು ಆರು ಅಡಿ, ಮೇಲಿನವರು ಎರಡು ಅಡಿ ಓದಿದರೆ ನಾಲ್ಕು ಅಡಿ ಏರಿದಂತಾಯಿತು. ಮೇಲಿನ ಜಾಗದಿಂದ ಮತ್ತೆ ಮುಂದಕ್ಕೆ ಅಳೆದು ಕೂಡಿಸುತ್ತಾ ಹೋಗಿ. ಗುಳ್ಳೆ ಉಳಿದರೆ ಲೆಕ್ಕ ಪೂರ್ತಿ ಕೆಡುತ್ತದೆ, ಅದೊಂದೇ ಎಚ್ಚರಿಕೆ.

ಹಿನ್ನೀರಿನಲ್ಲಿ ಈ ಅಳತೆ ಹೊಳೆಗಿಂತ ಹೆಚ್ಚು ಬೇಕು. ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಬಹಳ ದೂರ ಹಿಂದೆ ಸರಿದು ಬೋಳು ಇಳಿಜಾರು ಬಿಟ್ಟಿರುತ್ತದೆ. ಐವತ್ತು ಅಡಿಗೆ ಒಂದು ಅಡಿ ಇಳಿಯುವ ನೆಲದಲ್ಲಿ ಮಟ್ಟ ಒಂದು ಅಡಿ ಏರಿದರೆ ನೀರಂಚು ಐವತ್ತು ಅಡಿ ಮುಂದೆ ಬರುತ್ತದೆ. ಜೂನ್ ಕೊನೆಗೆ ಮಳೆ ಹಿಡಿದ ಮೇಲೆ ಒಂದು ರಾತ್ರಿಗೆ ಒಂದು ಅಡಿ ಏರುವುದು ಅಲ್ಲಿ ವಿಶೇಷವೇನಲ್ಲ. ನೀರು ಇಳಿಯುತ್ತಿರುವ ತಿಂಗಳುಗಳಲ್ಲಿ ತೊಂದರೆ ತಿರುಗುಮುರುಗು: ಹೊಸದಾಗಿ ಹೊರಬಿದ್ದ ನೆಲ ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಅಡಿಯಲ್ಲಿ ರಾಡಿ. ಬಿಸಿಹಾಲಿನ ಮೇಲಿನ ಕೆನೆಯಂತೆ, ಕಾಲಿಟ್ಟರೆ ಒಡೆದು ಮೊಣಕಾಲವರೆಗೆ ಹೂತುಹೋಗುತ್ತದೆ. ಐದು ಅಡಿಯ ಬಿದಿರು ಗಳವನ್ನು ಹತ್ತು ಹೆಜ್ಜೆಗೊಮ್ಮೆ ಒತ್ತಿ ನೋಡಿ. ಅರ್ಧ ಅಡಿಗಿಂತ ಹೆಚ್ಚು ಇಳಿದರೆ ಜೀಪೂ ಬೇಡ, ಮಕ್ಕಳೂ ಬೇಡ. ಮುಳುಗಡೆಯಾದ ಕಾಡಿನ ಮರದ ಬೊಡ್ಡೆಗಳು, ಹಳೆಯ ಬಾವಿಗಳು ನೀರಿನೊಳಗೆ ಹಾಗೇ ಇವೆ. ದಡದಿಂದ ಧುಮುಕುವುದನ್ನು ಅಲ್ಲಿ ಪೂರ್ತಿ ನಿಷೇಧಿಸಬೇಕು.

ಬಯಲುಸೀಮೆಯ ಕೆರೆಗಳು ನಮ್ಮ ಮಟ್ಟಿಗೆ ಹೊಳೆಗಿಂತ ಒಳ್ಳೆಯ ಜಾಗ, ಕೆರೆಯ ಅಂಗಾಂಗ ತಿಳಿದಿದ್ದರೆ. ಏರಿ (ಕೆರೆಯ ಕಟ್ಟೆ), ತೂಬು (ಹೊಲಗದ್ದೆಗೆ ನೀರು ಬಿಡುವ ಕಿಂಡಿ), ಕೋಡಿ (ತುಂಬಿದ ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಕಡೆ) ಮೂರನ್ನೂ ನಡೆದು ನೋಡಿದ ಮೇಲೆಯೇ ಜಾಗದ ಮಾತು. ಏರಿಯ ಕೆಳಗೆ, ಅಚ್ಚುಕಟ್ಟಿನ (ಕೆರೆ ನೀರು ಹರಿಯುವ ಜಮೀನಿನ) ಕಡೆ, ತಂಪಾದ ತೆಂಗಿನ ತೋಟ ಎಷ್ಟೇ ಕರೆಯಲಿ, ಟೆಂಟ್ ಹಾಕಬೇಡಿ: ನೆಲ ಸದಾ ಜೌಗು, ಸೊಳ್ಳೆ ವಿಪರೀತ, ತೆಂಗಿನಕಾಯಿ ತಲೆಗೆ ಬೀಳುವ ಭಯ ಬೇರೆ. ಏರಿಯ ಹಿಂಬದಿಯಲ್ಲಿ ನೀರು ಒಸರುತ್ತಿದ್ದು ಅದು ಕೆಂಪಗೆ ಮಣ್ಣು ಹೊತ್ತು ಬರುತ್ತಿದ್ದರೆ ಕ್ಯಾಂಪಿನ ಮಾತು ಬಿಟ್ಟು ಮೊದಲು ಪಂಚಾಯಿತಿಗೆ ಸುದ್ದಿ ಮುಟ್ಟಿಸಿ. ಕೋಡಿ ಹಳ್ಳ ಒಣಗಿದ್ದಾಗ ಚೊಕ್ಕ ಮರಳಿನ ಹಾಸಿಗೆಯಂತೆ ಕಂಡರೂ ಅದು ನೀರಿನ ದಾರಿಯೇ. ಇಲ್ಲಿನ ಕೆರೆಗಳು ಒಂದರ ಕೆಳಗೆ ಒಂದು ಸರಣಿಯಾಗಿ ಕಟ್ಟಿದವು, ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಬರುವುದು ಕೆಳಗಿನ ಕೆರೆಗೆ. ಮೇಲಿನೂರಿನ ಕೆರೆ ಎಷ್ಟು ತುಂಬಿದೆ ಎಂದು ಫೋನಿನಲ್ಲಿ ಕೇಳಿಕೊಳ್ಳುವುದು ಎರಡು ನಿಮಿಷದ ಕೆಲಸ.

ಸರಿಯಾದ ಜಾಗ ಸಾಮಾನ್ಯವಾಗಿ ಕೆರೆಯ ಪಕ್ಕದ ದಿಣ್ಣೆಯ ಮೇಲೆ, ಕೋಡಿಯ ಮಟ್ಟಕ್ಕಿಂತ ಎತ್ತರದಲ್ಲಿ ಇರುತ್ತದೆ. ಕೋಡಿ ಮಟ್ಟವೇ ಕೆರೆಯ ಪೂರ್ಣ ಮಟ್ಟ. ಅದಕ್ಕಿಂತ ನಾಲ್ಕೈದು ಅಡಿ ಮೇಲಿದ್ದರೆ ನೀರಿನ ಭಯ ಮುಗಿಯಿತು. ಊರಿನ ಗುಂಡುತೋಪು ಅಂಥ ಕಡೆ ಇದ್ದರೆ ಅದಕ್ಕಿಂತ ಭಾಗ್ಯವಿಲ್ಲ: ಮಾವು, ಹುಣಸೆ, ಹಿಪ್ಪೆ ನೆರಳು, ಗಟ್ಟಿ ನೆಲ. ಕೆರೆ ಅಂಗಳದ ಗೋಡುಮಣ್ಣಿನಲ್ಲಿ ಮಾತ್ರ ಒಂದು ಮಳೆ ಬಿದ್ದರೂ ಟೆಂಟಿನ ಗೂಟ ಕಿತ್ತು ಬರುತ್ತದೆ. ಮರಳಿನಲ್ಲಾದರೆ ಗೂಟದ ಬದಲು ಮರಳು ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ ಒಂದು ಅಡಿ ಆಳ ಹೂಳಿ.

ನೀರಿಗಿಳಿಯುವ ವಿಚಾರಕ್ಕೆ ಬಂದರೆ, ಕೆರೆಗಳಲ್ಲಿ ಜೀವ ತೆಗೆಯುವುದು ಹೂಳೆತ್ತಿದ ಗುಂಡಿಗಳು, ಹೊಳೆಗಳಲ್ಲಿ ಮರಳು ತೆಗೆದ ಗುಂಡಿಗಳು. ಜೆಸಿಬಿ ತೋಡಿದ ಗುಂಡಿಯ ಅಂಚು ಗೋಡೆಯಂತೆ ನೆಟ್ಟಗಿರುತ್ತದೆ. ಮೊಣಕಾಲುದ್ದ ನೀರಿನಲ್ಲಿ ಆಡುತ್ತಿದ್ದವರು ಮುಂದಿನ ಹೆಜ್ಜೆಗೆ ಹತ್ತು ಅಡಿ ಆಳಕ್ಕೆ ಹೋಗುತ್ತಾರೆ, ಅಂಚಿನ ಮಣ್ಣು ಜಾರುವುದರಿಂದ ಹಿಡಿದು ಮೇಲೇಳಲೂ ಆಗದು. ಇದನ್ನು ಬಲ್ಲವರು ಮೀನು ಹಿಡಿಯುವವರು. ಕೆರೆಯ ಮೀನು ಗುತ್ತಿಗೆ ಯಾರದೆಂದು ಕೇಳಿ, ಅವರ ತೆಪ್ಪದಲ್ಲೇ ಕೂತು, ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಆಳ ಅಳೆಯಿರಿ. ಸೊಂಟದ ಮಟ್ಟದ ನೀರಿರುವಷ್ಟಕ್ಕೆ ಹಗ್ಗದ ಗಡಿ ಎಳೆದು ಖಾಲಿ ಕ್ಯಾನುಗಳನ್ನು ತೇಲಿಬಿಡಿ. ಈಜು ಬರುತ್ತದೆ ಎನ್ನುವವರಿಗೂ ಲೈಫ್ ಜಾಕೆಟ್. ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದಂಥ ಪದರವಿದ್ದರೆ ಆ ಕೆರೆಗೆ ಯಾರೂ ಇಳಿಯಬಾರದು; ಆ ಪಾಚಿಯ ವಿಷ ನೀರನ್ನು ಕುದಿಸಿದರೂ ಹೋಗುವುದಿಲ್ಲ.

ಕಾಗದಪತ್ರದ ಕೆಲಸವನ್ನು ಯಾರೂ ಇಷ್ಟಪಡುವುದಿಲ್ಲ, ಆದರೆ ಅರ್ಧರಾತ್ರಿ ಬಂದು ನಮ್ಮನ್ನು ಎಬ್ಬಿಸಿ ಕಳಿಸುವುದು ಇದು ಸರಿಯಿಲ್ಲದಿದ್ದಾಗಲೇ. ದಿಶಾಂಕ್ ಆಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ, ಅದರ ಪಹಣಿ ತೆಗೆಸಿ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಏನು ತಕರಾರಿದೆ ನೋಡಿ. ಬಿ ಖರಾಬು ಎಂದಿದ್ದರೆ ಸಾರ್ವಜನಿಕ ಜಾಗ, ಪಕ್ಕದ ಹೊಲದವರು ಬಾಡಿಗೆ ಕೇಳಿದರೂ ಅದು ಅವರದ್ದಲ್ಲ. ಹಿನ್ನೀರು ಇಳಿದ ಜಾಗದಲ್ಲಿ ಬೆಳೆ ಇಟ್ಟವರ ಮಾತೂ ಅಷ್ಟೇ, ಮುಳುಗಡೆ ಜಮೀನು ಯೋಜನೆಗೆ ಸ್ವಾಧೀನವಾದದ್ದು. 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟಿರುವ ಕೆರೆ ಪಂಚಾಯತ್ ರಾಜ್ ಸಂಸ್ಥೆಗಳ ಕೈಯಲ್ಲಿ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಯಲ್ಲಿ. ಭೀಮೇಶ್ವರಿ, ಮುತ್ತತ್ತಿ ಸುತ್ತಲಿನ ಕಾಡು ಕಾವೇರಿ ವನ್ಯಜೀವಿಧಾಮದ್ದು, ಶರಾವತಿ ಹಿನ್ನೀರಿನ ಒಂದು ಭಾಗವೂ ಅಭಯಾರಣ್ಯ. ಅಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ರಾತ್ರಿ ಉಳಿಯುವುದು ಅಪರಾಧ. ಪೊಲೀಸ್ ಠಾಣೆಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

ಪ್ರಾಣಿಗಳ ವಿಚಾರದಲ್ಲಿ ಗಿರಾಕಿಗಳು ಹುಲಿಯ ಬಗ್ಗೆ ಕೇಳುತ್ತಾರೆ, ನಾವು ಹೆಜ್ಜೇನು ಹುಡುಕುತ್ತೇವೆ. ದೊಡ್ಡ ಮರದ ಕೊಂಬೆಯಡಿ ಹಲ್ಲೆ ತೂಗುತ್ತಿದ್ದರೆ ಆ ಮರದ ಸುತ್ತ ಒಲೆ, ಕ್ಯಾಂಪ್‌ಫೈರ್ ಎರಡೂ ಬೇಡ. ಹೊಗೆ ತಾಗಿದರೆ ಎದ್ದುಬಿಡುತ್ತವೆ. ನೀರಿಗಿಳಿಯುವ ಆನೆದಾರಿ ಲದ್ದಿಯಿಂದ, ಆಳೆತ್ತರಕ್ಕೆ ಕೆಸರು ಉಜ್ಜಿದ ಮರಗಳಿಂದ ಗೊತ್ತಾಗುತ್ತದೆ. ದಾಂಡೇಲಿಯ ಕಾಳಿಯಲ್ಲಿ, ಕಾವೇರಿಯಲ್ಲಿ ಮೊಸಳೆಗಳಿವೆ, ಸಂಜೆ ದಂಡೆಯಲ್ಲಿ ಪಾತ್ರೆ ತೊಳೆಯಲು ಕೂರಬೇಡಿ. ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಉಣುಗಿನಿಂದ ಬರುತ್ತದೆ. ಸುತ್ತಮುತ್ತ ಮಂಗ ಸತ್ತಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಹೌದೆಂದರೆ ಆ ಊರು ಆ ವರ್ಷಕ್ಕೆ ಬೇಡ.

ಹೊಸಬರು ತಪ್ಪಿಸಿಕೊಳ್ಳುವ ಇನ್ನೊಂದು ಅಪಾಯ ಕರೆಂಟು. ಹೊಳೆಯಿಂದ ನೀರೆತ್ತುವ ಪಂಪ್‌ಸೆಟ್ಟಿನ ಕೇಬಲ್ ಹುಲ್ಲಿನಡಿ, ಕೆಲವೊಮ್ಮೆ ನೀರಿನಡಿಯೇ ಹಾದಿರುತ್ತದೆ, ಜಾಯಿಂಟಿಗೆ ಸುತ್ತಿದ ಟೇಪು ಬಿಚ್ಚಿರುತ್ತದೆ. ಹಂದಿ ಕಾಟಕ್ಕೆಂದು ರಾತ್ರಿ ಬೇಲಿಗೆ ಕದ್ದು ಕರೆಂಟು ಹರಿಸುವವರೂ ಇದ್ದಾರೆ. ಸುತ್ತಲಿನ ಪ್ರತಿ ಹೊಲದವರನ್ನೂ ಹಗಲೇ ಭೇಟಿಯಾಗಿ, ಮಕ್ಕಳು ಇರುತ್ತಾರೆ ಎಂದು ಹೇಳಿ ಬನ್ನಿ.

ಉಳಿದದ್ದು ಗಣಿತ. ಮೂವತ್ತು ಜನಕ್ಕೆ ಹತ್ತು ಟೆಂಟು, ಹಗ್ಗ ಕಟ್ಟಲು ಸೇರಿ ಒಂದಕ್ಕೆ 15 ಅಡಿ ಚದರ. ಟೆಂಟುಗಳಿಗೇ ಎರಡು ಗುಂಟೆ, ಅಡುಗೆ, ಊಟ, ಬೆಂಕಿಯ ಜಾಗ ಸೇರಿ ಐದಾರು ಗುಂಟೆ ಸಮ ನೆಲ ಬೇಕು. ನೀರು ತಲೆಗೆ ದಿನಕ್ಕೆ 20 ಲೀಟರ್, ಒಟ್ಟು 600. ಅದರಲ್ಲಿ ಕುಡಿಯಲು 120 ಲೀಟರ್, ಅಂದರೆ ಆರು ಕ್ಯಾನು, ಹೊರಗಿನಿಂದಲೇ ತನ್ನಿ. ಶೌಚಕ್ಕೆ ಇಪ್ಪತ್ತು ಜನಕ್ಕೆ ಒಂದು ಗುಂಡಿ, ನೀರಿನಿಂದ 200 ಅಡಿ ದೂರ. ಮೂರು ಅಡಿ ತೋಡುವುದರೊಳಗೆ ನೀರು ಜಿನುಗಿದರೆ ಆ ಗುಂಡಿ ಮುಚ್ಚಿ ಮೇಲೆ ಹೋಗಿ. ತಗ್ಗಿನಲ್ಲಿ ಚಳಿ, ಇಬ್ಬನಿ ಎರಡೂ ಹೆಚ್ಚು. ದಡದಿಂದ ಹದಿನೈದು ಅಡಿ ಎತ್ತರಕ್ಕೆ ಹೋದರೆ ಬೆಳಿಗ್ಗೆ ಟೆಂಟಿನ ಒಳಗೋಡೆ ಅಷ್ಟು ಒದ್ದೆಯಾಗುವುದಿಲ್ಲ.

ನವೆಂಬರ್‌ನಿಂದ ಫೆಬ್ರುವರಿ ನಿರಾಳದ ಕಾಲ. ಭರಣಿ, ಕೃತ್ತಿಕೆ ಮಳೆಗಳ (ಏಪ್ರಿಲ್ ಕೊನೆ, ಮೇ) ಹೊತ್ತಿಗೆ ಸಂಜೆ ಗುಡುಗು ಖಚಿತ. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ‘ಸಿಡಿಲು’ ಮತ್ತು ‘ದಾಮಿನಿ’ ಆಪ್‌ಗಳು ಫೋನಿನಲ್ಲಿರಲಿ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವಷ್ಟು ಹೊತ್ತಿಲ್ಲದಿದ್ದರೆ ಎಲ್ಲರೂ ನೀರಿನಿಂದ ಎದ್ದು ಬಸ್ಸಿನೊಳಗೆ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ. ಅದಕ್ಕೇ ಬಸ್ಸು ಐದು ನಿಮಿಷದ ನಡಿಗೆಯೊಳಗೆ, ರಸ್ತೆಗೆ ಮುಖ ಮಾಡಿ ನಿಂತಿರಬೇಕು. ಎರೆಮಣ್ಣಿನ ದಾರಿಯಾದರೆ ಒಂದೇ ಮಳೆಗೆ ಚಕ್ರ ಹೂತುಹೋಗುತ್ತದೆ, ಬಸ್ಸನ್ನು ಡಾಂಬರಿನ ಮೇಲೆಯೇ ಬಿಡಿ. ಕ್ಯಾಂಪಿಗೂ ರಸ್ತೆಗೂ ನಡುವೆ ಹಳ್ಳ ದಾಟಬೇಕಾದ ಜಾಗವನ್ನು ಮಳೆಗಾಲದಲ್ಲಿ ಪಟ್ಟಿಯಿಂದಲೇ ತೆಗೆಯಿರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಮದ್ದು ದಾಸ್ತಾನಿದೆಯೇ ಎಂದು ಹಿಂದಿನ ದಿನ ಕೇಳಿ, 108ಕ್ಕೆ ಹೇಳಬೇಕಾದ ಊರು, ದಾರಿ, ಗುರುತನ್ನು ಚೀಟಿಯಲ್ಲಿ ಬರೆದು ಅಡುಗೆ ಟೆಂಟಿಗೆ ಅಂಟಿಸಿ.

ಹೊಳೆ ದಂಡೆಯಾದರೆ ಕತ್ತಲಾಗುವ ಮುನ್ನ ನೀರಂಚಿಗೆ ಸರಿಯಾಗಿ ಸುಣ್ಣ ಬಳಿದ ಗೂಟ ನೆಡಿ, ಎತ್ತರದಲ್ಲಿ ಒಂದೊಂದು ಅಡಿಗೆ ಇನ್ನೆರಡು. ಪಾಳಿಯಲ್ಲಿರುವವರು ಗಂಟೆಗೊಮ್ಮೆ ಟಾರ್ಚ್ ಬಿಟ್ಟು ನೋಡಬೇಕು. ಮೊದಲ ಗೂಟ ಮುಳುಗಿದರೆ ಅಣೆಕಟ್ಟಿನ ಕಚೇರಿಗೆ ಫೋನು. ಎರಡನೆಯದು ಮುಳುಗಿದರೆ, ಅಥವಾ ತಿಳಿಯಾಗಿದ್ದ ನೀರು ಕದಡಿ ಎಲೆ, ಕಡ್ಡಿ ತೇಲಿ ಬರತೊಡಗಿದರೆ, ಯಾರನ್ನೂ ಕೇಳದೆ ಸೀಟಿ ಊದಿ ಎಲ್ಲರನ್ನೂ ಮೇಲಕ್ಕೆ ಕಳಿಸಿ. ಟೆಂಟು, ಸಾಮಾನು ಅಲ್ಲೇ ಇರಲಿ.