ಕಡಲು ಕಾಣದ ಮಗುವಿಗೆ ಕಡಲಿನ ಪುಸ್ತಕ ಯಾವುದು?

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಪ್ಪ ಅಮ್ಮಂದಿರೂ ಅಂಗನವಾಡಿ ಟೀಚರ್‌ಗಳೂ ಪದೇ ಪದೇ ಕೇಳುವ ಪ್ರಶ್ನೆ ಇದು: "ನಮ್ಮ ಮಗು ಸಮುದ್ರಾನೇ ನೋಡಿಲ್ಲ. ಸಮುದ್ರದ ಚಿತ್ರಪುಸ್ತಕ ತಗೊಳ್ಳೋದಾದ್ರೆ ಯಾವುದು ತಗೊಳ್ಳೋದು?"

ನೋಡಿಲ್ಲ ಎಂಬುದನ್ನು ಇಟ್ಟುಕೊಂಡೇ ಆರಿಸಬೇಕು. ನಮ್ಮ ಮಗು ಬಲ್ಲದ್ದು ಕೆರೆ. ಕೆರೆಯಾಚೆ ಏರಿಯೋ ಬೆಟ್ಟವೋ ಕಾಣುತ್ತದೆ, ನೀರು ಸುಮ್ಮನೆ ನಿಂತಿರುತ್ತದೆ. ಪುಟದ ತುಂಬ ಬರೀ ನೀಲಿ ಬಳಿದ ಚಿತ್ರ ತೋರಿಸಿದರೆ "ಕೆರೆ" ಎನ್ನುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಹಾಗಾಗಿ ಅಂಗಡಿಯಲ್ಲಿ ಮುಖಪುಟಕ್ಕೆ ಮರುಳಾಗದೆ ನಡುವಿನ ಪುಟ ತೆರೆಯಿರಿ. ಆಚೆ ದಡ ಇಲ್ಲದ ನೀರು ಒಂದು ಕಡೆಯಾದರೂ ಇರಬೇಕು. ಅಲೆ ಬಂದು ಹಿಂದೆ ಸರಿಯುವುದು ಒಂದರ ಹಿಂದೊಂದು ಪುಟಗಳಲ್ಲಿ ಕಾಣಬೇಕು: ಈ ಪುಟದಲ್ಲಿ ಹೆಜ್ಜೆ ಗುರುತು, ಮುಂದಿನದರಲ್ಲಿ ಅದು ಅಳಿಸಿ ಒಂದು ಚಿಪ್ಪು. ಈ ಎರಡಿದ್ದರೆ ಅರ್ಧ ಕೆಲಸ ಮುಗಿಯಿತು. ಬಣ್ಣದ ಕೊಡೆ, ಪ್ಲಾಸ್ಟಿಕ್ ಬಕೆಟ್, ಈಜುಡುಗೆಗಳೇ ತುಂಬಿರುವ ಪುಸ್ತಕದಲ್ಲಿ ಆ ಸಾಮಾನುಗಳನ್ನು ವಿವರಿಸುವುದರಲ್ಲೇ ಹೊತ್ತು ಹೋಗುತ್ತದೆ. ಬಲೆ, ದೋಣಿ, ಒಣಗಲು ಹರಡಿದ ಮೀನು ಇರುವ ಪುಸ್ತಕ ಮೇಲು.

ಆಮೇಲೆ ಪ್ರಾಣಿಗಳ ಕಾಲು ಎಣಿಸಿ. ಚಿಮುಟದಂಥ ಮುಂದಿನ ಎರಡೂ ಸೇರಿ ಏಡಿಗೆ 10 ಕಾಲು. ಆರಕ್ಕೇ ನಿಲ್ಲಿಸುವ ಚಿತ್ರಕಾರರು ಬೇಕಾದಷ್ಟಿದ್ದಾರೆ. ಕಡಲಾಮೆಗೆ ದೋಣಿಯ ಹುಟ್ಟಿನಂಥ ರೆಕ್ಕೆಗಾಲು ಇರಬೇಕು, ಕೆರೆ ಆಮೆಯ ಪಾದವಲ್ಲ. ಸೂರ್ಯ ನೀರಿನಿಂದ ಏಳುತ್ತಿದ್ದರೆ ಅದು ಚೆನ್ನೈ ಕಡೆಯ ಕಡಲು, ನೀರಿಗೆ ಇಳಿಯುತ್ತಿದ್ದರೆ ಮಂಗಳೂರು, ಕಾರವಾರದ್ದು. (ಕೋಲಾರಕ್ಕೆ ಹತ್ತಿರದ್ದು ಚೆನ್ನೈ ಕಡಲೇ.) ಪೆಂಗ್ವಿನ್, ಸೀಲ್ ಇರುವ ಪುಸ್ತಕ ಕೆಟ್ಟದ್ದೇನಲ್ಲ, ಆದರೆ ಮೊದಲ ಪುಸ್ತಕವಾಗಿ ಬೇಡ.

ಎರಡು ವರ್ಷದೊಳಗೆ ದಪ್ಪ ರಟ್ಟಿನ ಪುಸ್ತಕ, ಪುಟಕ್ಕೊಂದು ಚಿತ್ರ, ಒಂದೆರಡು ಪದ. ಮೂರು ನಾಲ್ಕು ವರ್ಷಕ್ಕೆ 16 ಅಥವಾ 24 ಪುಟ, ಪುಟಕ್ಕೆ ಎರಡು ವಾಕ್ಯ ಸಾಕು. ಸಾಲುಗಳ ನಡುವಿನ ಜಾಗವನ್ನೂ ನೋಡಿ. ಇಕ್ಕಟ್ಟಾದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿ, ಓದಲು ಕಲಿಯುತ್ತಿರುವ ಅಕ್ಕನೋ ಅಣ್ಣನೋ ತಡವರಿಸುತ್ತಾರೆ. ಅಂಗನವಾಡಿಗೆ ಎ4 ಅಳತೆಗಿಂತ ಚಿಕ್ಕದು ಬೇಡ, ಹಿಂದೆ ಕೂತವರಿಗೆ ಏಡಿ ಚುಕ್ಕೆಯಾಗಿ ಕಾಣುತ್ತದೆ. ದುಡ್ಡಿಲ್ಲದಿದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಪುಸ್ತಕಗಳು ಉಚಿತ. ಮುಕ್ತ ಪರವಾನಗಿ ಇರುವುದರಿಂದ ಪ್ರಿಂಟ್ ಹಾಕಿಸಬಹುದು. ಅಲ್ಲಿನ ಒಂದನೇ ಹಂತದ ಪುಸ್ತಕಗಳಲ್ಲಿ 250 ಪದ ಮೀರುವುದಿಲ್ಲ. ಪಿನ್ ಹೊಡೆಸುವ ಬದಲು ದಾರದಲ್ಲಿ ಹೊಲಿಯಿರಿ. ಪಿನ್ ತುಕ್ಕು ಹಿಡಿದು ನಡುವಿನ ಹಾಳೆ ಮೊದಲು ಕಿತ್ತು ಬರುತ್ತದೆ.

ಈ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ಅಂಥ ಮಗುವಿಗೆ "ಎಂಡ್ರಕಾಯ" ಅಂದು, ಆಮೇಲೆ "ಏಡಿ" ಅನ್ನಿ. ಗದ್ದೆ ಬದುವಿನಲ್ಲಿ ಕಂಡದ್ದೇ ಇಲ್ಲಿಯೂ ಇದೆ ಎಂದು ತಿಳಿದ ಕೂಡಲೇ ಕಣ್ಣರಳುತ್ತದೆ. ಪದವೇ ಇಲ್ಲದ ಚಿತ್ರಪುಸ್ತಕ ಸಿಕ್ಕರೆ ಇನ್ನೂ ಅನುಕೂಲ, ಎರಡು ಭಾಷೆಯಲ್ಲೂ ಹೇಳಬಹುದು.

ಓದಿ ಮುಗಿದ ಮೇಲೆ ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಕದಡಿ, ಬೆರಳದ್ದಿ ನೆಕ್ಕಿಸಿ. ಕಡಲು ಹೆಚ್ಚುಕಡಿಮೆ ಇಷ್ಟೇ ಉಪ್ಪು. ಕುಡಿಯಲು ಬಿಡಬೇಡಿ. ಅಗಲ ತಟ್ಟೆಯ ಒಂದು ತುದಿಗೆ ಜರಡಿ ಹಿಡಿದ ಮರಳು ಒತ್ತಿ, ಇನ್ನೊಂದು ತುದಿಗೆ ನೀರು ಹಾಕಿ. ಎಂ ಸ್ಯಾಂಡ್ ಬೇಡ, ಅದರ ಕಾಳು ಚೂಪು, ಧೂಳೂ ಜಾಸ್ತಿ. ಮರಳಿನಲ್ಲಿ ಮಗುವಿನ ಬೆರಳಚ್ಚು ಮೂಡಿಸಿ, ತಟ್ಟೆಯನ್ನು ಮೆಲ್ಲಗೆ ಎತ್ತಿ ಇಳಿಸಿದರೆ ನೀರು ಬಂದು ಅಳಿಸಿಕೊಂಡು ಹೋಗುತ್ತದೆ. ಇದನ್ನೆಲ್ಲ ಓದಿನ ನಡುವೆ ಶುರು ಮಾಡಿದರೆ ಪುಸ್ತಕ ಮೂಲೆಗೆ ಬೀಳುತ್ತದೆ. ಮೊದಲು ಕೊನೆಯ ಪುಟ ಮುಟ್ಟಿ, ತಟ್ಟೆಯಾಟ ಆಡಿಸಿ, ಕೈ ಒರೆಸಿ, ಹೆಜ್ಜೆ ಗುರುತಿನ ಪುಟವನ್ನು ಮತ್ತೆ ತೆರೆದುಕೊಡಿ.