ಪಿನ್ ನಂಬಿ ಕಾಕ್‌ಪಿಟ್‌ಗೆ ಇಳಿಯಬೇಡಿ

2025ರ ಸೆಪ್ಟೆಂಬರ್ 26ಕ್ಕೆ ವಾಯುಪಡೆಯ ಮಿಗ್-21 ನಿವೃತ್ತಿಯಾಯಿತು. ಸೇವೆ ಮುಗಿಸಿದ ಜೆಟ್‌ಗಳು ಕಾಲೇಜಿನ ಅಂಗಳಕ್ಕೋ ಪಾರ್ಕಿಗೋ ಬಂದು ನಿಲ್ಲುವುದು ಹೊಸದಲ್ಲ. ನಾಳೆ ಹಾಸನದ ಎಂಜಿನಿಯರಿಂಗ್ ಕಾಲೇಜೋ ಚಿಕ್ಕಮಗಳೂರಿನ ಎಸ್ಟೇಟಿನವರೋ ಒಂದನ್ನು ತರಿಸಿದರೆ ಮೊದಲು ವಿಚಾರಿಸಬೇಕಾದದ್ದು ಅದರ ಇಜೆಕ್ಷನ್ ಸೀಟನ್ನು, ಅಂದರೆ ಅಪಾಯದಲ್ಲಿ ಪೈಲಟ್ಟನ್ನು ಹೊತ್ತು ವಿಮಾನದಿಂದ ಹೊರಕ್ಕೆ ಚಿಮ್ಮುವ ಸೀಟನ್ನು.

ಕಿರಣ್ ತರಬೇತಿ ವಿಮಾನದಲ್ಲಿರುವಂಥ ಬ್ರಿಟನ್ನಿನ ಮಾರ್ಟಿನ್-ಬೇಕರ್ ಕಂಪನಿಯ ಹಳೆಯ ಸೀಟನ್ನೇ ನೋಡಿ. ಬೆನ್ನ ಹಿಂದೆ ಸೀಟನ್ನು ಮೇಲಕ್ಕೆ ತಳ್ಳುವ, ಒಂದರೊಳಗೊಂದು ಜಾರುವ ಕೊಳವೆಗಳ ಗನ್ ಇರುತ್ತದೆ. ಹ್ಯಾಂಡಲ್ ಎಳೆದರೆ ಸಿಯರ್ ಎಂಬ ಬೆಣೆಯಂಥ ತುಂಡು ಕಳಚಿಕೊಳ್ಳುತ್ತದೆ. ಸ್ಪ್ರಿಂಗ್ ಬಿಗಿಯಲ್ಲಿದ್ದ ಫೈರಿಂಗ್ ಪಿನ್ ಮುಖ್ಯ ತೋಟಾಗೆ (ಮದ್ದು ತುಂಬಿದ ಕಾರ್ಟ್ರಿಡ್ಜ್‌ಗೆ) ಬಡಿಯುತ್ತದೆ. ಕೊಳವೆ ನೀಳವಾದಂತೆ ಪಕ್ಕದ ತೋಟಾಗಳೂ ಹೊತ್ತಿಕೊಳ್ಳುತ್ತವೆ. ಪುಟ್ಟ ಪ್ಯಾರಾಚೂಟನ್ನು ಹೊರಗೆಳೆಯುವ ಡ್ರೋಗ್ ಗನ್‌ಗೆ ಬೇರೆಯೇ ತೋಟಾ. ಹೊಸ ಮಾದರಿಗಳಲ್ಲಿ ಸೀಟಿನಡಿ ರಾಕೆಟ್ಟೂ ಉಂಟು. ಸೀಟು ಹಾರಲು ಕರೆಂಟೂ ಬೇಡ, ಎಂಜಿನ್ನೂ ಓಡಬೇಕಿಲ್ಲ. ವರ್ಷಗಟ್ಟಲೆ ನಿಂತ ವಿಮಾನದಲ್ಲೂ ಸ್ಪ್ರಿಂಗ್ ಮತ್ತು ಮದ್ದು ಇದ್ದರೆ ಆಯಿತು.

ಹ್ಯಾಂಡಲ್ ಎಳೆಯಲಾಗದಂತೆ ತಡೆಯುವ, ಕೆಂಪು ಪಟ್ಟಿ ಕಟ್ಟಿದ ಸೇಫ್ಟಿ ಪಿನ್ ಕಂಡರೆ ಬಹಳ ಜನ ನಿರಾಳವಾಗುತ್ತಾರೆ. ಇದು ತಪ್ಪು. 2011ರ ನವೆಂಬರ್ 8ರಂದು ಬ್ರಿಟನ್ನಿನ ಸ್ಕ್ಯಾಂಪ್ಟನ್‌ನಲ್ಲಿ ನೆಲದ ಮೇಲೆ ನಿಂತಿದ್ದ ಹಾಕ್ ಎಂಬ ಜೆಟ್ ವಿಮಾನದ ಸೀಟು ಹಾರಿ ಪೈಲಟ್ ತೀರಿಕೊಂಡರು. ಹ್ಯಾಂಡಲ್ ತನ್ನ ಜಾಗದಲ್ಲಿ ಸರಿಯಾಗಿ ಕೂರದೆ ಇದ್ದರೂ ಪಿನ್ ತೂರಿಕೊಂಡಿತ್ತು. ನೋಡಿದವರಿಗೆ ಸೀಟು ಸೇಫ್ ಅನ್ನಿಸಿತ್ತು. ಮೇಲಾಗಿ ಪುಟ್ಟ ಪ್ಯಾರಾಚೂಟನ್ನು ಹಿಡಿದಿಡುವ ಕೊಂಡಿಯ (ಡ್ರೋಗ್ ಶ್ಯಾಕಲ್) ಬೋಲ್ಟನ್ನು ಅತಿಯಾಗಿ ಬಿಗಿದಿದ್ದರಿಂದ ಮುಖ್ಯ ಪ್ಯಾರಾಚೂಟ್ ಬಿಚ್ಚಿಕೊಳ್ಳಲಿಲ್ಲ. ಹಾಗಾಗಿ ಪಿನ್‌ಗಳನ್ನು ಎಣಿಸಿ ಆ ಸೀಟಿನ ಕೈಪಿಡಿಯೊಂದಿಗೆ ತಾಳೆ ನೋಡಿದ ಮೇಲೂ ಹ್ಯಾಂಡಲ್ ಗೂಡಿನಲ್ಲಿ ಪೂರ್ತಿ ಕೂತಿದೆಯೇ, ಬೆಲ್ಟ್ ಅದರೊಳಗೆ ಸಿಕ್ಕಿಕೊಂಡಿದೆಯೇ ಎಂದು ಕಣ್ಣಾರೆ ನೋಡಬೇಕು. ಮುಟ್ಟಿ ಎಳೆದು ನೋಡುವುದು ಬೇಡವೇ ಬೇಡ. ಕೆಲವು ಸೀಟುಗಳಲ್ಲಿ ತೊಡೆಗಳ ನಡುವಿನ ಹ್ಯಾಂಡಲ್ ಜೊತೆಗೆ ತಲೆಯ ಮೇಲೂ ಒಂದು ಇರುತ್ತದೆ. ಅದನ್ನು ಮರೆಯುವವರೇ ಹೆಚ್ಚು.

ನಿಲ್ಲಿಸಿಡುವ ವಿಮಾನಕ್ಕೆ ನಾವು ಒಪ್ಪುವುದು ಒಂದೇ: ಎಲ್ಲ ತೋಟಾಗಳೂ ಹೊರಗೆ. ತೆಗೆಯುವವರು ಆ ಸೀಟಿನಲ್ಲಿ ತರಬೇತಿ ಪಡೆದ ಶಸ್ತ್ರ ವಿಭಾಗದ ತಂತ್ರಜ್ಞರೇ ಆಗಿರಬೇಕು. ಊರಿನ ಮೆಕ್ಯಾನಿಕ್ ಎಷ್ಟೇ ಜಾಣನಾದರೂ ಸ್ಪ್ಯಾನರ್ ಹಾಕಬಾರದು. "ಸೀಟ್ ನಿಷ್ಕ್ರಿಯ" ಎಂಬ ಒಂದು ಸಾಲಿನ ಪತ್ರಕ್ಕೆ ಸಹಿ ಮಾಡಬೇಡಿ. ಸೀಟಿನ ಸೀರಿಯಲ್ ನಂಬರ್, ತೆಗೆದ ಪ್ರತಿ ತೋಟಾದ ವಿವರ, ದಿನಾಂಕ, ಸಹಿ ಇರಲಿ. ಖಾಲಿ ಗನ್ನನ್ನು ನಿಮ್ಮೆದುರೇ ತೆರೆದು ತೋರಿಸಲಿ. ಕ್ಯಾನೊಪಿಯ, ಅಂದರೆ ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳದ ಬಗ್ಗೆಯೂ ಕೇಳಿ. ಹಾಕ್‌ನಂಥವುಗಳಲ್ಲಿ ಗಾಜಿಗೆ ಅಂಟಿಸಿದ ಸಿಡಿಯುವ ಹುರಿ ಇರುತ್ತದೆ, ಅಂಕುಡೊಂಕಾದ ಗೆರೆಯಂತೆ ಕಾಣುತ್ತದೆ. ತೋಟಾ ಉಳಿದುಬಿಟ್ಟರೆ ಅದು 1884ರ ಸ್ಫೋಟಕ ಕಾಯ್ದೆಯ ವಿಷಯವೂ ಆಗುತ್ತದೆ.

ವಿದೇಶಗಳಲ್ಲಿ ಖಾಸಗಿಯವರು ಇಂಥ ಜೆಟ್‌ಗಳನ್ನು ಹಾರಿಸುವುದೂ ಉಂಟು. ಅಲ್ಲಿ ತೊಡಕು ತಿರುಗುಮುರುಗು: ಬೇಕಾದಾಗ ಸೀಟು ಹಾರಲೇಬೇಕು. ತೋಟಾಗೆ ಎರಡು ಆಯಸ್ಸು, ತಯಾರಾದ ದಿನದಿಂದ ಒಂದು, ಸೀಲ್ ಒಡೆದು ಸೀಟಿಗೆ ಕೂರಿಸಿದ ದಿನದಿಂದ ಇನ್ನೊಂದು. ಯಾವುದು ಮೊದಲು ಮುಗಿದರೂ ಬದಲಿಸಬೇಕು. ಮಳೆಗಾಲದಲ್ಲಿ ಥಂಡಿ ಹಿಡಿದ ಕೋವಿಯ ತೋಟಾವನ್ನು ಸಕಲೇಶಪುರದ ತೋಟದವರು ನಂಬುವುದಿಲ್ಲ, ಇದೂ ಹಾಗೆಯೇ. 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರ್‌ಹ್ಯಾಮ್‌ನಲ್ಲಿ ಹಂಟರ್ ಎಂಬ ಹಳೆಯ ಯುದ್ಧವಿಮಾನ ರಸ್ತೆಗೆ ಬಿದ್ದು 11 ಜನ ಸತ್ತರು. ಆ ವಿಮಾನದ ಸೀಟಿನ ತೋಟಾಗಳ ಅವಧಿ ಮುಗಿದಿತ್ತು ಎಂದು ತನಿಖೆ ಹೇಳಿತು. ಅವಧಿ ಮುಗಿದರೂ ಸಿಡಿಯುವ ಗುಣ ಹೋಗುವುದಿಲ್ಲ, ರಕ್ಷಣೆಗೆ ಬಂದವರಿಗೆ ಅದೇ ಅಪಾಯ.

ಆದ್ದರಿಂದ ವಿಮಾನ ಬರುವ ಮೊದಲೇ ಅಗ್ನಿಶಾಮಕ ಠಾಣೆಗೆ ಸೀಟಿನ ಸ್ಥಿತಿಯನ್ನು ಬರೆದು ತಿಳಿಸಿ. ಕಾಕ್‌ಪಿಟ್ ಹೊರಗೆ ಕನ್ನಡದಲ್ಲೇ ಫಲಕ ಹಾಕಿ, ಕ್ಯಾನೊಪಿಗೆ ಬೀಗ ಜಡಿಯಿರಿ, ಬೀಗದ ಕೈ ಒಬ್ಬರ ಬಳಿ ಮಾತ್ರ ಇರಲಿ.