ಒಂದೇ ಕಿಕ್ಕಿಗೆ ಸ್ಟಾರ್ಟ್ ಆದ ಜಾವಾವನ್ನು ನಂಬಬೇಡಿ

ಪಾಯಿಂಟು (ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚು), ಕಂಡೆನ್ಸರ್ (ಆ ಸ್ವಿಚ್ಚು ಸುಡದಂತೆ ಕಾಯುವ ಬಿಡಿಭಾಗ) ಹೊಸದು ಹಾಕಿದ ಹಳೇ ಜಾವಾ ಬೈಕು ಅಂಗಳದಲ್ಲಿ ಒಂದೇ ಕಿಕ್ಕಿಗೆ ಹತ್ತಿಕೊಂಡರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಮುಗಿದಿರುವುದಿಲ್ಲ. ತಣ್ಣಗಿದ್ದಾಗ ಕಳಪೆ ಕಂಡೆನ್ಸರ್ ಕೂಡ ಕಿಡಿ ಕೊಡುತ್ತದೆ; ಅದರ ಬಂಡವಾಳ ಬಯಲಾಗುವುದು ಎಂಜಿನ್ ಕಾದ ಮೇಲೆ, ಅದೂ ಏರಿನಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಈಗ ಅಂಗಡಿಯಲ್ಲಿ ಸಿಗುವ ಕಂಡೆನ್ಸರ್‌ಗಳಲ್ಲಿ ಹೊಸದೇ ಕೆಟ್ಟಿರುವುದು ಅಪರೂಪವಲ್ಲ. ಹಾಗಾಗಿ ಟೆಸ್ಟ್ ರೈಡ್ ಕೂಡ ರಿಪೇರಿಯ ಭಾಗವೇ.

ಹೊರಡುವ ಮುನ್ನ ಪಾಯಿಂಟ್ ಗ್ಯಾಪ್ ಪೂರ್ತಿ ತೆರೆದಾಗ 0.4 ಮಿ.ಮೀ. ಇದೆಯೇ ನೋಡಿ. ಗ್ಯಾಪ್ ಮೊದಲು, ಟೈಮಿಂಗ್ (ಕಿಡಿ ಹಾರುವ ಗಳಿಗೆ) ಆಮೇಲೆ. ಗ್ಯಾಪ್ ಹೆಚ್ಚಿಸಿದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ತಾನಾಗಿ ಮುಂದೆ ಸರಿಯುತ್ತದೆ, ಅಂದರೆ ಕಿಡಿ ಬೇಗ ಹಾರುತ್ತದೆ; ಈ ಕ್ರಮ ತಪ್ಪಿದರೆ ಎರಡನ್ನೂ ಮತ್ತೆ ಮಾಡಬೇಕು. ಪ್ಲಗ್ ತೂತಿನಲ್ಲಿ ಪಿಸ್ಟನ್ ಎಷ್ಟು ಮೇಲೆ ಬಂತೆಂದು ಅಳೆಯುವ ಡಯಲ್ ಗೇಜ್ ಇಟ್ಟು, ಪಿಸ್ಟನ್ ತುತ್ತತುದಿಗೆ ಬರುವ ಮೊದಲು 3 ಮಿ.ಮೀ. ಆಸುಪಾಸಿನಲ್ಲಿ (ನಿಮ್ಮ ಮಾಡೆಲಿನ ಮ್ಯಾನುಯಲ್‌ನಲ್ಲಿರುವ ಅಂಕಿಯೇ ಕೊನೆಯ ಮಾತು) ಪಾಯಿಂಟ್ ನಡುವೆ ಸಿಕ್ಕಿಸಿದ ತೆಳು ಕಾಗದ ಸಡಿಲಾಗಬೇಕು. ಗ್ಯಾಪ್ ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜಿನ ಎಣ್ಣೆ ಪಾಯಿಂಟಿಗೆ ಅಂಟಿರುತ್ತದೆ. ಒಣ ಕಾಗದದಿಂದ ಒರೆಸಿ. ಇದೊಂದನ್ನು ಮರೆತು, ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಬದಲಾಯಿಸಿದವರು ಬೇಕಾದಷ್ಟು ಜನ.

ಜೇಬಿನಲ್ಲಿ ಪ್ಲಗ್ ಪಾನಾ, ಬೇರೆ ಪ್ಲಗ್, ಬೇರೆ ಕಂಡೆನ್ಸರ್, ಸ್ಕ್ರೂಡ್ರೈವರ್, ಫೀಲರ್ ಗೇಜ್ ಇರಲಿ. ಮನೆಯಿಂದ ಎರಡು ಕಿಲೋಮೀಟರ್ ದಾಟದ ಸುತ್ತು ಹಾದಿ ಆರಿಸಿ, ತಳ್ಳಿಕೊಂಡು ಬರುವಷ್ಟು ದೂರದಲ್ಲೇ ಇರಿ. ಬ್ರೇಕ್ ನೋಡಿಕೊಳ್ಳಿ.

ಕಿಕ್ ಮಾಡುವಾಗಲೇ ಮೊದಲ ಸುಳಿವು ಸಿಗುತ್ತದೆ. ಕಿಕ್ಕರ್ ಕಾಲಿಗೆ ತಿರುಗಿ ಒದ್ದರೆ ಟೈಮಿಂಗ್ ತೀರಾ ಮುಂದಿದೆ, ಅಲ್ಲೇ ನಿಲ್ಲಿಸಿ. ಜಾವಾದಲ್ಲಿ ಕಿಕ್ಕರೇ ಗೇರ್ ಲಿವರ್ ಕೂಡ ಆದ್ದರಿಂದ, ಸ್ಟಾರ್ಟ್ ಆದ ಕೂಡಲೇ ಅದನ್ನು ಮುಂದಕ್ಕೆ ಮಡಚಿ.

ಮೊದಲ ಐದು ನಿಮಿಷ ಮೆಲ್ಲಗೆ ಓಡಿಸಿ. ಆಮೇಲೆ ಮೂರನೇ ಗೇರಿನಲ್ಲಿ 30ರ ವೇಗದಿಂದ, ಏರು ಇರುವ ಕಡೆ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಹತ್ತಿರ ಇರುವವರಿಗೆ ಆ ಬೆಟ್ಟವಿದೆ, ಉಳಿದವರಿಗೆ ಯಾವುದಾದರೂ ಫ್ಲೈಓವರ್ ಸಾಕು. ಏರಿನಲ್ಲಿ ಸಿಲಿಂಡರ್ ಒಳಗಿನ ಒತ್ತಡ ಹೆಚ್ಚಿ, ಪ್ಲಗ್ ಗ್ಯಾಪ್ ಹಾರಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಬಲಹೀನ ಇಗ್ನಿಷನ್ ಸೋಲುವುದು ಇಲ್ಲೇ. ಎಂಜಿನ್ನಿನ ತಲೆಯೊಳಗೆ ಚಿಲ್ಲರೆ ಕಾಸು ಅಲ್ಲಾಡಿಸಿದಂತೆ ಟಿಣಿಟಿಣಿ ಕೇಳಿಸಿದರೆ ಟೈಮಿಂಗ್ ಮುಂದಿದೆ. ಸದ್ದೇನೂ ಇಲ್ಲದೆ ಪಿಕಪ್ ಸತ್ತು, ಸೈಲೆನ್ಸರ್ ಬೆಂಡ್ ವಿಪರೀತ ಕಾದರೆ ಹಿಂದಿದೆ.

ಮಿಸ್ಸಿಂಗ್ (ಎಂಜಿನ್ ತಡವರಿಸುವುದು) ಬಂದರೆ ಕಾರ್ಬ್ಯುರೇಟರ್‌ಗೆ ಕೈ ಹಾಕುವ ಮೊದಲು ಅದು ಹೇಗೆ ಬಂತು ಅಂತ ಗಮನಿಸಿ. ಸ್ವಿಚ್ ಆರಿಸಿ ಹಾಕಿದ ಹಾಗೆ ಪಟ್ಟನೆ ಕಡಿದು, ಸೈಲೆನ್ಸರ್‌ನಲ್ಲಿ ಢಂ ಅಂದರೆ ಕಿಡಿಯ ಕಾಟ. ನಿಧಾನಕ್ಕೆ ಉಸಿರುಗಟ್ಟಿ ಸೊರಗಿದರೆ ಪೆಟ್ರೋಲ್ ಸಾಲುತ್ತಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಡುಬ್-ಡುಬ್ ಅಂತ ತಪ್ಪಿ ತಪ್ಪಿ ಓಡುವುದು ಟೂ ಸ್ಟ್ರೋಕಿನ ಜಾಯಮಾನ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇಪ್ಪತ್ತು ನಿಮಿಷ ಓಡಿಸಿದ ಮೇಲೆ ನಿಲ್ಲಿಸಿ, ಹತ್ತು ನಿಮಿಷ ಹಾಗೇ ಬಿಡಿ. ಕೀಲಿ ತೆಗೆಯುವುದನ್ನು ಮಾತ್ರ ಮರೆಯಬೇಡಿ: ಪಾಯಿಂಟ್ ಮುಚ್ಚಿದ ಜಾಗದಲ್ಲಿ ಎಂಜಿನ್ ನಿಂತಿದ್ದರೆ ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತಲೇ ಇದ್ದು ಕಾಯಿಲ್ ಸುಡುತ್ತದೆ, ಬ್ಯಾಟರಿ ಇಳಿಯುತ್ತದೆ. ಗಾಳಿಯಿಲ್ಲದೆ ನಿಂತ ಎಂಜಿನ್ನಿನ ಶಾಖ ಡೈನಮೋ ಮೇಲಿನ ಕಂಡೆನ್ಸರ್‌ಗೆ ಏರುತ್ತದೆ. ಈಗ ಕಿಕ್ ಮಾಡಿ. ಎರಡು ಮೂರು ಕಿಕ್ಕಿಗೆ ಹತ್ತಿಕೊಂಡರೆ ಪಾಸು. ಹತ್ತದಿದ್ದರೆ ಬಲಗಡೆಯ ಕವರ್ ತೆಗೆದು, ಕಿಕ್ ಮಾಡುತ್ತಾ ಪಾಯಿಂಟ್ ನೋಡಿ. ನೀಲಿ ಬೆಂಕಿ ದಪ್ಪಗೆ ಚಟಪಟ ಹಾರುತ್ತಿದ್ದರೆ ಕಂಡೆನ್ಸರ್ ಬದಲಾಯಿಸಿ. ಪಾಯಿಂಟಿನ ಕಿಡಿ ಸಣ್ಣದಾಗಿದ್ದು ಪ್ಲಗ್ಗಿನಲ್ಲಿ ಏನೂ ಇಲ್ಲದಿದ್ದರೆ, ಮತ್ತು ಅರ್ಧ ಗಂಟೆ ಆರಿದ ಮೇಲೆ ತಾನೇ ಸರಿಹೋದರೆ, ಅನುಮಾನ ಕಾಯಿಲ್ ಮೇಲೆ.

ಹೊಸ ಪಾಯಿಂಟಿನ ಫೈಬರ್ ಹಿಮ್ಮಡಿ, ತಿರುಗುತ್ತಾ ಪಾಯಿಂಟ್ ತೆರೆಸುವ ಕ್ಯಾಮ್‌ಗೆ ಉಜ್ಜಿ ಮೊದಮೊದಲು ಬೇಗ ಸವೆಯುತ್ತದೆ. ಗ್ಯಾಪ್ ಕಿರಿದಾಗಿ ಟೈಮಿಂಗ್ ಹಿಂದೆ ಬೀಳುತ್ತದೆ. ಕ್ಯಾಮ್ ಸವರುವ ಫೆಲ್ಟ್ ತುಂಡಿಗೆ ಒಂದೇ ಹನಿ ಎಣ್ಣೆ ಬಿಡಿ, 200 ಕಿ.ಮೀ. ಆದಮೇಲೆ ಕವರ್ ತೆಗೆದು 0.4 ಇದೆಯೇ ಮತ್ತೆ ಅಳೆಯಿರಿ.